ಚಿಗರಿಗೆಂದು ಬಿತ್ತಿದ್ದು

ಕಳೆದ ಚಳಿಗಾಲದ ಒಂದು ಸಂಜೆ ಫೋನಿಗೆ ಒಂದು ಚಿತ್ರ ಬಂತು. ಮೊಣಕಾಲೆತ್ತರದ ಹಸಿರು ಪೈರು, ಅದರಾಚೆ ಕುರುಚಲು ಗಿಡಗಳು, ಪೈರಿನ ನಡುವೆ ತಲೆ ಎತ್ತಿ ನಿಂತ ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡು ಚಿಗರಿ. ಸುತ್ತ ಏಳೆಂಟು ಹೆಣ್ಣು. ಚಿತ್ರದ ಹಿಂದೆಯೇ ಅದನ್ನು ಕಳಿಸಿದ ನನ್ನ ತಂಗಿಯ ಮಗನ ಕರೆ.

"ಮಾಮಾ, ಇದು ಯಾವೂರ ಹೊಲ ಹೇಳ್ರಿ ನೋಡೋಣು."

"ನಮ್ಮ ಹಳ್ಳದ ದಂಡಿದಲ್ಲೇನು? ನೀ ಯಾವಾಗ ಬಂದಿದ್ದಿ ಊರಿಗೆ?"

ಅವನು ಬಿದ್ದು ಬಿದ್ದು ನಕ್ಕ. ಚಿತ್ರ ಅವನು ನೌಕರಿ ಮಾಡುವ ಅಮೆರಿಕದ ಟೆಕ್ಸಾಸಿನದು. ಅವನ ಜೊತೆ ಕೆಲಸ ಮಾಡುವ ಒಬ್ಬರಿಗೆ ಊರಾಚೆ ನೂರಾರು ಎಕರೆ ಜಮೀನಿದೆಯಂತೆ. ರಜೆಯಲ್ಲಿ ಇವನನ್ನು ಅಲ್ಲಿಗೆ ಕರೆದೊಯ್ದಿದ್ದರು. ಸಂತೆಕಲ್ಲೂರಿನ ಎರೆಹೊಲದಲ್ಲಿ ಹುಟ್ಟಿ ಬೆಳೆದ ಹುಡುಗ, ಭೂಮಿಯ ಆ ಬದಿಯಲ್ಲಿ ನಮ್ಮ ಚಿಗರಿಯನ್ನು ಕಂಡು ಥಕ್ಕಾಗಿ ನಿಂತುಬಿಟ್ಟಿದ್ದಾನೆ.

ಪುಸ್ತಕದವರು ಕೃಷ್ಣಮೃಗ ಎನ್ನುವ ಪ್ರಾಣಿಗೆ ನಮ್ಮ ಕಡೆ ಚಿಗರಿ ಎನ್ನುತ್ತೇವೆ. ಪತ್ರಿಕೆಯವರು ಜಿಂಕೆ ಎಂದು ಬರೆಯುತ್ತಾರೆ. ಲೆಕ್ಕ ಹಿಡಿದು ನೋಡಿದರೆ ಇದು ಜಿಂಕೆಯಲ್ಲ. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಮೂಡುತ್ತದೆ, ಚಿಗರಿಗೆ ಜೀವಮಾನಕ್ಕೆಲ್ಲ ಒಂದೇ ಜೋಡಿ. ಬಯಲುನಾಡಿನ ಈ ಪ್ರಾಣಿಯನ್ನು 1932ರಲ್ಲಿ ಟೆಕ್ಸಾಸಿನ ಕೆರ್ ಕೌಂಟಿಯ ಜಮೀನಿನಲ್ಲಿ ಬಿಟ್ಟರಂತೆ. ಅಲ್ಲಿಯ ಒಣಹವೆ, ಕುರುಚಲು ಬಯಲು ಅದಕ್ಕೆ ಒಗ್ಗಿತು. ಈಗ ಸಾವಿರಾರು ಸಂಖ್ಯೆಯಲ್ಲಿವೆ. ಹೊರದೇಶದ ಪ್ರಾಣಿಯಾದ್ದರಿಂದ, ಲೈಸೆನ್ಸು ಇದ್ದವರು ಜಮೀನಿನ ಒಡೆಯನ ಒಪ್ಪಿಗೆ ಪಡೆದು ವರ್ಷದ ಯಾವ ತಿಂಗಳಲ್ಲಾದರೂ ಬೇಟೆಯಾಡಬಹುದು.

"ಮತ್ತ ಹೊಲ ತಿಂತಾವಲ್ಲೋ, ಆ ಮನುಷ್ಯಾ ಸುಮ್ಮನ ನೋಡ್ಕೊಂತ ನಿಂತಾನ?" ಎಂದೆ. ರೈತನಿಗೆ ಮೊದಲು ತೋಚುವುದು ಅದೇ ತಾನೆ?

"ತಿನ್ನಲಿ ಅಂತನ ಬಿತ್ಯಾರ ಮಾಮಾ! ಇದು ಚಿಗರಿ ಸಲುವಾಗೇ ಬಿತ್ತಿದ ಹೊಲ."

ಅಂಥ ಹೊಲಕ್ಕೆ ಅಲ್ಲಿ 'ಫುಡ್ ಪ್ಲಾಟ್' ಎನ್ನುತ್ತಾರೆ. ಮೇವಿನ ಪಟ್ಟಿ ಎನ್ನೋಣ. ಮುಖ್ಯವಾಗಿ ಅಲ್ಲಿಯದೇ ಬಿಳಿಬಾಲದ ಜಿಂಕೆಗೆಂದು ಬಿತ್ತುವುದು. ಚಿಗರಿಯೂ ಬಂದು ಪಂಕ್ತಿಗೆ ಕೂಡುತ್ತದೆ. ಆಮೇಲೆ ಅವನು ವಿವರ ಹೇಳುತ್ತಾ ಹೋದ, ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದೆ. ಅವರಿಗೂ ನಮ್ಮ ಹಾಗೆ ಎರಡು ಹಂಗಾಮು. ಬೇಸಿಗೆಯ ಬೆಳೆಯಾಗಿ ಅಲಸಂದಿ, ಅವರೆ! ಹೌದು, ಬೆಂಗಳೂರಿನವರು ಉಪ್ಪಿಟ್ಟಿಗೆ ಹಾಕುವ ಅವರೆಯ ಕುಲದ್ದೇ ಬಳ್ಳಿಯನ್ನು ಅಲ್ಲಿ ಜಿಂಕೆಯ ಮೇವಿಗೆ ಬೆಳೆಯುತ್ತಾರೆ. ಜಿಂಕೆ ಎಷ್ಟು ತಿಂದರೂ ಮತ್ತೆ ಚಿಗುರುವ ತಳಿಯನ್ನೇ ಟೆಕ್ಸಾಸಿನ ಕೃಷಿ ವಿಜ್ಞಾನಿಗಳು ಬಿಡುಗಡೆ ಮಾಡಿದ್ದಾರೆ. ಹಿಂಗಾರಿಗೆ ಓಟ್ಸ್, ಗೋಧಿ. ಬಿತ್ತುವ ಮೊದಲು ಮಣ್ಣಿನ ಪರೀಕ್ಷೆ, ಹುಳಿಮಣ್ಣಾದರೆ ಸುಣ್ಣ, ಆಮೇಲೆ ಗೊಬ್ಬರ. ಎಳೆಯ ಪೈರನ್ನು ಮೊದಲ ದಿನಗಳಲ್ಲೇ ಬೋಳಿಸಿಬಿಟ್ಟಾವೆಂದು ಕೆಲವರು ಬೇರು ಹಿಡಿಯುವ ತನಕ ಬೇಲಿ ಕಟ್ಟಿ, ಆಮೇಲೆ ತೆಗೆಯುತ್ತಾರೆ. ಪಟ್ಟಿ ಅಗಲವಾಗಿರದೆ ಉದ್ದಕ್ಕಿರಬೇಕು, ಪಕ್ಕದಲ್ಲೇ ಗಿಡಗಂಟಿ ಇರಬೇಕು. ಮರೆ ಹತ್ತಿರವಿದ್ದರೆ ಪ್ರಾಣಿಗೆ ಧೈರ್ಯ. ಹೊಲದ ನಡುವೆ ತಂತಿಯ ಒಂದು ಸಣ್ಣ ಪಂಜರ ಊರಿರುತ್ತಾರೆ. ಪಂಜರದೊಳಗಿನ ಪೈರಿಗೂ ಹೊರಗಿನದಕ್ಕೂ ಎತ್ತರದಲ್ಲಿ ಎಷ್ಟು ಅಂತರವೋ ಜಿಂಕೆ ತಿಂದದ್ದು ಅಷ್ಟು. ಇಷ್ಟೆಲ್ಲ ಆದ ಮೇಲೆ ಪಟ್ಟಿಯ ಅಂಚಿಗೆ ಒಂದು ಅಟ್ಟ. ಅದರಲ್ಲಿ ಬಂದೂಕು ಹಿಡಿದು ಕೂತ ಮನುಷ್ಯ.

ನಮ್ಮ ಜೋಳದ ಹೊಲದಲ್ಲೂ ಅಟ್ಟ ಇರುತ್ತಿತ್ತು, ಕವಣೆ ಹಿಡಿದು ಗುಬ್ಬಿ ಓಡಿಸಲಿಕ್ಕೆ. ನಮ್ಮದು ಓಡಿಸುವ ಅಟ್ಟ, ಅವರದು ಕಾಯುವ ಅಟ್ಟ.

ಅಳಿಯ ಮಾತು ಮುಗಿಸುವ ಮುನ್ನ ಕೇಳಿದ: "ಮುಂದಿನ ಸಲ ಅಟ್ಟದಾಗ ಕೂಡಾಕ ಬಾ ಅಂತ ಕರ್ದಾರ ಮಾಮಾ. ಹೋಗ್ಲೇನು?"

"ವಿಚಾರ ಮಾಡಿ ಹೇಳ್ತೀನಿ" ಎಂದು ಫೋನಿಟ್ಟೆ. ವಿಚಾರ ಮಾಡುವುದಕ್ಕೆ ನನಗೆ ಬೇರೆ ಕಾರಣವಿತ್ತು.

ನಮ್ಮ ನೆಲದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ಸಂತೆಕಲ್ಲೂರು ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ಮಸ್ಕಿ ತಾಲೂಕಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲೇ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಬೇಸಾಯದ ಪುಸ್ತಕ ಬರೆದ ಘನಮಠ ನಾಗಭೂಷಣ ಶಿವಯೋಗಿಗಳ ಊರು ಇದು. ಬೇಸಾಯ ನಮಗೆ ಮಠದಷ್ಟೇ ಹಳೆಯದು. ಸಿಂಧನೂರಿನ ಕಡೆ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತ. ನಮ್ಮ ಹೊಲಕ್ಕೆ ಮಳೆಯೇ ದಿಕ್ಕು. ಚಿತ್ತಿ ಮಳೆ ಎರೆಯನ್ನು ನೆನೆಸಿ ಹೋದರೆ ಕೂರಿಗೆ ಹೂಡಿ ಕಡಲೆ, ಬಿಳಿಜೋಳ ಬಿತ್ತುತ್ತೇವೆ. ಕಡಲೆಗೆ ಆಮೇಲೆ ಒಂದು ಹನಿ ಮಳೆ ಬೀಳದಿದ್ದರೂ ನಡೆದೀತು. ಭೂಮಿಯೊಳಗಿನ ಹಸಿ, ಮೇಲಿನ ಇಬ್ಬನಿ ಸಾಕು, ನೂರು ದಿನದೊಳಗೆ ಕೈಗೆ ಬರುತ್ತದೆ.

ಆ ನೂರು ದಿನ, ಸುತ್ತಲಿನ ಹುಲ್ಲೆಲ್ಲ ಒಣಗಿ ಬೆಳ್ಳಗಾದ ಹೊತ್ತಿನಲ್ಲಿ ನಮ್ಮ ಕಡಲೆಯೊಂದೇ ಹಸಿರು. ಚಿಗರಿಯ ಕಣ್ಣಿಗೆ ಅದು ಮೇವಿನ ಪಟ್ಟಿಯಲ್ಲದೆ ಮತ್ತೇನು?

ಹಿಂದೆ ಚಿಗರಿ ಇರಲಿಲ್ಲವೇ ಎಂದರೆ ಇದ್ದವು. ಆದರೆ ಆಗ ಊರ ಗಾಯರಾಣ ಇತ್ತು, ಬೀಳು ಇತ್ತು, ಹಳ್ಳದ ದಂಡೆಯ ಹುಲ್ಲಿತ್ತು. ಈಗ ಟ್ರ್ಯಾಕ್ಟರು ಹೋಗುವಲ್ಲೆಲ್ಲ ಹೊಲವಾಗಿದೆ. ಎಳೆ ಮರಿಗಳನ್ನು ಹಿಡಿದು ಲೆಕ್ಕ ಸರಿಮಾಡುತ್ತಿದ್ದ ತೋಳವೂ ಅಪರೂಪವಾಯಿತು. ರಾಣೆಬೆನ್ನೂರಿನಲ್ಲಿ ಇವುಗಳಿಗೆಂದೇ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಿಸಿದರು. ಆದರೆ ಹುಲ್ಲಿನ ಬಯಲಲ್ಲಿ ನೀಲಗಿರಿ ನೆಟ್ಟದ್ದರಿಂದ ಅಲ್ಲಿಯ ಚಿಗರಿಯೂ ಸುತ್ತಲ ರೈತರ ಗೋವಿನಜೋಳಕ್ಕೆ ಬಾಯಿ ಹಾಕುತ್ತದೆ. ಹುಲ್ಲು ಬೇಕಾದ ಪ್ರಾಣಿಗೆ ನೀಲಗಿರಿಯ ನೆರಳು ಕೊಟ್ಟರೆ ಅದು ಹೊಟ್ಟೆಗೇನು ಮಾಡಬೇಕು?

ನಮ್ಮ ಹಿರಿಯರ ಉಪಾಯ ಕುಸುಬಿ. ಕಡಲೆ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಬಿತ್ತಿದರೆ ಅದರ ಮುಳ್ಳಿಗೆ ದನವೂ ಒಳಗೆ ಬರುವುದಿಲ್ಲ, ಎಣ್ಣೆಗೂ ಆಯಿತು. ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದಿಲ್ಲವೆಂದು ಈಗ ಬಹಳ ಮಂದಿ ಅದನ್ನೂ ಬಿಟ್ಟಿದ್ದಾರೆ. ಇನ್ನೊಂದು ಮಾತು: ಬಿತ್ತಿದ ತಿಂಗಳಿಗೆ ಕಡಲೆಯ ಕುಡಿ ಚಿವುಟುವ ಪದ್ಧತಿ ನಮ್ಮಲ್ಲಿದೆ. ಚಿವುಟಿದ ಕುಡಿ ಪಲ್ಯಕ್ಕೆ, ಗಿಡಕ್ಕೆ ಕವಲು ಹೆಚ್ಚು, ಕವಲಿಗೆ ತಕ್ಕ ಕಾಯಿ. ಆ ಹೊತ್ತಿನಲ್ಲಿ ಚಿಗರಿ ಬಂದು ಮೇಲಮೇಲೆ ಕಡಿದು ಹೋದರೆ ನನ್ನ ಹೆಂಡತಿ, "ಕೂಲಿ ಇಲ್ಲದ ಆಳು ಬಂದ್ ಹೋಗ್ಯಾವ ಬಿಡ್ರಿ" ಎಂದು ನಗುತ್ತಾಳೆ. ಹೂವಾಡಿದ ಮೇಲೆ ಬಂದರೆ ಅವಳೂ ನಗುವುದಿಲ್ಲ. ಆಗ ಕಡಿದ ಕುಡಿ ಮತ್ತೆ ಬರುವುದಿಲ್ಲ. ಒಂದು ಹಿಂಡು ಒಂದೇ ರಾತ್ರಿಯಲ್ಲಿ ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು.

ಓಡಿಸಬಹುದು, ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ ಮೊದಲನೆಯ ಪಟ್ಟಿಯಲ್ಲಿದೆ. ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಾಯ್ದೆ ಬೇಡಿತ್ತೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಇವತ್ತು ಈ ಪ್ರಾಣಿಯನ್ನು ಟೆಕ್ಸಾಸಿಗೆ ಹೋಗಿಯೇ ನೋಡಬೇಕಿತ್ತೇನೋ. ಆದರೆ ದೇಶವೆಲ್ಲ ಕೂಡಿ ಸಾಕಲು ಒಪ್ಪಿದ ಪ್ರಾಣಿಯ ಊಟದ ಖರ್ಚು ನಾಲ್ಕೆಕರೆಯವನ ಹೆಸರಿಗೇ ಬಿದ್ದರೆ ಹೇಗೆ, ಎನ್ನುವುದು ನನ್ನ ತಕರಾರು.

ಈಗ ಅಳಿಯನಿಗೆ ಹೇಳದೆ ಬಿಟ್ಟ ಮಾತಿಗೆ ಬರುತ್ತೇನೆ. ಮೇವಿನ ಪಟ್ಟಿ ಎಂದರೆ ನನಗೆ ಗೊತ್ತಿತ್ತು. ಹತ್ತು ವರ್ಷದವನಿದ್ದಾಗ ಒಂದು ಬೇಸಿಗೆಯೆಲ್ಲ ಅಂಥದೊಂದಕ್ಕೆ ನೀರು ಹೊತ್ತವನು ನಾನು.

1960ರ ದಶಕದ ಕೊನೆಯ ಮಾತು. ಅಪ್ಪನ ಪಾಲಿಗೆ ಬಂದ ಹೊಲದ ಕಾಗದ ಯಾವುದೋ ಕಚೇರಿಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು. ಅಲ್ಲಿಯ ಸಾಹೇಬರೊಬ್ಬರಿಗೆ ಶಿಕಾರಿಯ ಹುಚ್ಚು. ಜೀಪಿನಲ್ಲಿ ಬಂದವರು ಹಳ್ಳದ ದಂಡೆಯಲ್ಲಿ ಚಿಗರಿಯ ಹೆಜ್ಜೆ ನೋಡಿ ಅಪ್ಪನಿಗೆ, ಇಲ್ಲೊಂದಿಷ್ಟು ಹಸಿರು ಮಾಡಿಡು, ತಿಂಗಳು ಬಿಟ್ಟು ಬರುತ್ತೇವೆ ಎಂದು ಹೇಳಿ ಹೋದರು. ಕಾಗದದ ಮಾತನ್ನು ಅವರೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಇಬ್ಬರಿಗೂ ತಿಳಿದಿತ್ತು.

ಹಳ್ಳದ ಉಸುಕಿನಲ್ಲಿ ಒಂದು ಒರತೆ ಇತ್ತು. ಅದರ ಮೇಲ್ಗಡೆ ಅರ್ಧ ಗುಂಟೆ ಅಗೆದು ಅಪ್ಪ ಹೆಸರು, ಅಲಸಂದಿ ಬಿತ್ತಿದ. ಜೋಳ ಬೇಗ ಬೆಳೆಯುತ್ತದಲ್ಲ ಎಂದೆ. "ನೀರು ಕಮ್ಮಿ ಬಿದ್ದ ಎಳೀ ಜ್ವಾಳ ದನಕ್ಕ ವಿಷ ಆಕ್ಕೈತಿ ತಮ್ಮಾ. ಇವಕ್ಕೂ ಆದೀತು" ಎಂದ. ಅದು ನಿಜ, ಬರಗಾಲದಲ್ಲಿ ಎಳೆ ಜೋಳ ಮೇಯ್ದು ದನ ಸಾಯುವುದನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಗುಂಡಿಗೆ ಗುರಿಯಾಗಬೇಕಾದ ಪ್ರಾಣಿಯ ಹೊಟ್ಟೆ ಕೆಡಬಾರದೆಂದು ಅಪ್ಪ ಮುತುವರ್ಜಿ ಮಾಡಿದ್ದ ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಬೆಳಗ್ಗೆ ಆರು ಕೊಡ, ಸಂಜೆ ಆರು ಕೊಡ ನೀರು ನನ್ನ ಪಾಲಿಗೆ. ಯಾಕೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಸುತ್ತ ನೆಲವೆಲ್ಲ ಬಿರುಕು ಬಿಟ್ಟಾಗ ಅರ್ಧ ಗುಂಟೆ ಹಸಿರು ನನ್ನದೆಂಬ ಹೆಮ್ಮೆ. ಎಲೆ ಮೂಡಿದ ವಾರಕ್ಕೆ ಚಿಗರಿ ಬಂದವು. ಮೊದಲು ದೂರ ನಿಂತು ನೋಡಿ ಹೋದವು. ಆಮೇಲೆ ಎರಡು ಬಂದು ಬಾಯಿ ಹಾಕಿದವು. ಕೊನೆಕೊನೆಗೆ ಹನ್ನೊಂದು. ನಾನು ಕೊಡ ಹಿಡಿದು ಜಾಲಿಯ ಮರೆಯಲ್ಲಿ ಕೂತರೂ ಓಡುತ್ತಿರಲಿಲ್ಲ. ಶಾಲೆಯ ಹುಡುಗರಿಗೆ "ನಮ್ಮ ಚಿಗರಿ" ಎಂದು ಹೇಳಿಕೊಂಡು ತಿರುಗಿದೆ.

ಒಂದು ನಸುಕಿನಲ್ಲಿ ಜೀಪು ಬಂತು. ಎರಡು ಗುಂಡು, ಒಂದು ಗಂಡು, ಒಂದು ಹೆಣ್ಣು. ಸಾಹೇಬರು ಖುಷಿಯಲ್ಲಿದ್ದರು. ನೀರು ಹಾಕಿದ ಹುಡುಗ ಯಾರು ಎಂದು ಕೇಳಿ ಐದು ರೂಪಾಯಿ ಕೊಟ್ಟರು. ಅದರಲ್ಲಿ ಕಂಪಾಸು ಪೆಟ್ಟಿಗೆ ಕೊಂಡೆ, ಹೈಸ್ಕೂಲು ಮುಗಿಯುವ ತನಕ ಅದೇ ಬಾಳಿತು.

ಆದರೆ ಮನಸ್ಸಿನಲ್ಲಿ ಉಳಿದದ್ದು ಗುಂಡಿನ ಸದ್ದಲ್ಲ. ಮಾರನೆಯ ಸಂಜೆ ಉಳಿದ ಒಂಬತ್ತೂ ಮತ್ತೆ ಬಂದವು. ನೆಲದ ಮೇಲೆ ರಕ್ತದ ಕಲೆ ಇನ್ನೂ ಇತ್ತು. ಮೂಸಿ, ಬೆದರಿ ಹಿಂದೆ ಸರಿದು, ಮತ್ತೆ ಬಂದು ಹೆಸರಿಗೆ ಬಾಯಿ ಹಾಕಿದವು. ಬೇರೆಲ್ಲಿಗೆ ಹೋಗಬೇಕು? ಆ ಸೀಮೆಯಲ್ಲಿ ಹಸಿರು ಎಂಬುದು ಅಲ್ಲೊಂದೇ ಕಡೆ ಇತ್ತು. ಸಾಕು ಎಂದು ಯಾರೂ ಹೇಳದ್ದರಿಂದ ಮೂರು ದಿನ ನೀರು ಹಾಕುತ್ತಲೇ ಇದ್ದೆ. ನಾಲ್ಕನೆಯ ದಿನ ಹೋದಾಗ ಅಪ್ಪ ಗಿಡಗಳನ್ನೆಲ್ಲ ಕಿತ್ತು ಎತ್ತಿಗೆ ಹಾಕಲು ಹೊರೆ ಕಟ್ಟುತ್ತಿದ್ದ. ನನ್ನ ಮುಖ ನೋಡದೆಯೇ, "ಬಾ ಅಂತ ಕರದು ಹೊಡೀಬಾರದಿತ್ತು" ಎಂದ. ಸಾಹೇಬರ ಬಗ್ಗೆ ಅಂದನೋ, ತನ್ನ ಬಗ್ಗೆಯೋ. ಹೊಲದ ಕಾಗದ ಆ ವರ್ಷವೇ ಬಂತು. ಈಗ ನಾನು ಉಳುವುದು ಆ ಹೊಲವನ್ನೇ.

ಬೇಟೆ ನಮ್ಮ ಸೀಮೆಗೆ ಹೊಸದೇನಲ್ಲ. ಚಿಗರಿ ಹಿಡಿಯುವ ಕಸುಬನ್ನೇ ಹೆಸರಿನಲ್ಲಿ ಹೊತ್ತ ಹರಣಶಿಕಾರಿ ಸಮುದಾಯದವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಹೊಟ್ಟೆಪಾಡಿಗೆ ಉರುಲು ಒಡ್ಡುತ್ತಿದ್ದ ಆ ಜನಕ್ಕೆ ಬ್ರಿಟಿಷರು ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿದರು. ಜೀಪಿನಲ್ಲಿ ಬಂದವರಿಗೆ ಯಾವ ಪಟ್ಟಿಯೂ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬೇಟೆಯೂ ಒಂದು ರಾಜವಿನೋದ. ಇತ್ತ ನಮ್ಮ ಮಸ್ಕಿಯಲ್ಲೇ, 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಪತ್ತೆ ಮಾಡಿದ ಬಂಡೆಯ ಶಾಸನದಲ್ಲಿ ಅಶೋಕನ ಹೆಸರಿದೆ. ಅದೇ ಅಶೋಕ ಬೇರೆಡೆಯ ಬಂಡೆಗಳಲ್ಲಿ ತನ್ನ ಅಡುಗೆಮನೆಯ ಲೆಕ್ಕ ಬರೆಸಿದ್ದಾನೆ: ದಿನಕ್ಕೆ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಅವೂ ಇಲ್ಲ. ಚಕ್ರವರ್ತಿಗೆ ಅದು ಸಾಧ್ಯ. ಅವನ ಕಡಲೆಯನ್ನು ಯಾರೂ ಮೇಯುತ್ತಿರಲಿಲ್ಲ.

ನನ್ನ ಕಡಲೆಯನ್ನು ಮೇಯುತ್ತಿದ್ದವು. ಅಳಿಯನ ಫೋನು ಬಂದ ಮಾರನೆಯ ದಿನವೇ ಕೋಳಿ ಮುಚ್ಚುವ ಬಿದಿರಿನ ಬುಟ್ಟಿ ಒಯ್ದು ಹೊಲದ ನಡುವೆ ಬೋರಲು ಹಾಕಿ ಗೂಟ ಬಡಿದೆ, ಬೆಳಕು ಗಾಳಿ ಆಡಲೆಂದು ಸಂದುಗಳನ್ನು ಅಗಲ ಮಾಡಿದೆ. ಮೊದಲ ವಾರಗಳಲ್ಲಿ ಒಳಗಿನದಕ್ಕಿಂತ ಹೊರಗಿನ ಗಿಡಕ್ಕೇ ಕವಲು ಹೆಚ್ಚಿದ್ದವು. ಹೆಂಡತಿಯ ಮಾತು ಗೆದ್ದಿತು. ಹೂವು ಬಿಟ್ಟ ಮೇಲೆ ಲೆಕ್ಕ ತಿರುಗಿತು. ಬುಟ್ಟಿಯೊಳಗೆ ಕಾಯಿ ತುಂಬಿದ ಗಿಡ, ಹೊರಗೆ ಕಡ್ಡಿ. ಬುಟ್ಟಿಯ ಸಮೇತ ಫೋಟೋ ತೆಗೆಸಿ ಅರ್ಜಿಗೆ ಹಚ್ಚಿ ಸಂಬಂಧಪಟ್ಟವರ ಮೇಜಿಗೆ ಕೊಟ್ಟೆ. "ಇದೇನ್ರಿ ಯಜಮಾನ್ರ, ಬೆಳಿ ಹಾನಿಗೆ ಅರ್ಜಿ ಕೊಟ್ಟೀರೋ, ಕೋಳಿ ಸಾಲಕ್ಕ ಕೊಟ್ಟೀರೋ?" ಎಂದು ಆತ ನಕ್ಕ. ನಾನೂ ನಕ್ಕೆ, ಬೇರೆ ಏನು ಮಾಡಲಿ?

ಅದೇ ದಿನಗಳಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಬಂದರು. ಪರಊರಿನವರು. ಚಹಾ ಕುಡಿಸಿ ಮೆತ್ತಗೆ ಮಾತು ತೆಗೆದರು: "ಹಾಳಾಗಿದ್ದಂತೂ ಹಾಳಾತು. ಹಳ್ಳದ ಕಡೆ ಒಂದು ಮೂಲಿ ಹಸಿರು ಉಳಸ್ರಿ, ಒಂದೆರಡು ಸರ್ತಿ ನೀರು ಬಿಡ್ರಿ. ರಾತ್ರಿ ನಾವು ನೋಡ್ಕೋತೀವಿ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ, ಲುಕ್ಸಾನೂ ತುಂಬಿ ಕೊಡ್ತೀವಿ."

ಕೂಡಲೇ ಬೈದು ಕಳಿಸಿದೆನೆಂದು ಬರೆದರೆ ಸುಳ್ಳಾದೀತು. "ನೋಡೋಣ" ಎಂದೆ. ಎರಡು ದಿನ ಬೀಜದ ಸಾಲ, ಗೊಬ್ಬರದ ಸಾಲ ಕೂಡಿಸಿದೆ, ಕಳೆದೆ. ಮೂರನೆಯ ದಿನ ಎಳ್ಳಮಾವಾಸ್ಯೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಭೂಮಿತಾಯಿಗೆ ಪೂಜೆ ಮಾಡಿ ಹೊಲದ ಸುತ್ತ ಚರಗ ಚೆಲ್ಲುವುದು ಹಿರಿಯರಿಂದ ಬಂದದ್ದು. ಹಕ್ಕಿಗೆ, ಇರುವೆಗೆ, ಕಣ್ಣಿಗೆ ಕಾಣದ್ದಕ್ಕೆ ಒಂದೊಂದು ತುತ್ತು. ಚರಗ ಚೆಲ್ಲುತ್ತ ಹಳ್ಳದ ಕಡೆಯ ಮೂಲೆಗೆ ಬಂದಾಗ ಕೈ ತಡೆಯಿತು. ಅಪ್ಪ ಹೊರೆ ಕಟ್ಟಿದ ಜಾಗ ಅದೇ. ಬೆಳಗ್ಗೆ ಕರೆದು ಅನ್ನ ಚೆಲ್ಲಿದ ಜಾಗಕ್ಕೆ ರಾತ್ರಿ ಬಂದೂಕಿನವರನ್ನು ಹೇಗೆ ಕರೆಯಲಿ? ಆ ಇಬ್ಬರು ಮತ್ತೆ ಬಂದಾಗ ಚಹಾದ ದುಡ್ಡು ನಾನೇ ಕೊಟ್ಟು, ಆಗುವುದಿಲ್ಲ ಎಂದೆ. ಆ ವರ್ಷದ ಕಡಲೆಯಲ್ಲಿ ಸಾಲ ತೀರಲಿಲ್ಲ.

ರಾಶಿ ಮುಗಿದ ಮೇಲೆ ಅಳಿಯ ಮತ್ತೆ ಫೋನು ಮಾಡಿದ. ಈ ಕಥೆಯನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಅಲ್ಲಿಯವರ ಪರವಾಗಿಯೂ ಮಾತಾಡಿದ. ಅಲ್ಲಿ ತೋಳಗಳನ್ನು ಎಂದೋ ಕೊಂದು ಮುಗಿಸಿದ್ದಾರೆ, ಜಿಂಕೆ ಮಿತಿಮೀರಿದರೆ ಅವೇ ಹಸಿದು ಸಾಯುತ್ತವೆ. ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯ ಹಣ 1937ರ ಒಂದು ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ಅಂದರೆ ಹೊಡೆಯುವವನೇ ಸಾಕುವ ಖರ್ಚನ್ನೂ ಕೊಡುತ್ತಾನೆ. ಮಾತಿನಲ್ಲಿ ತಥ್ಯವಿದೆ. ನಮ್ಮಲ್ಲಿ ಹೊಡೆಯುವವನಿಲ್ಲ, ಒಳ್ಳೆಯದೇ. ಖರ್ಚು ಕೊಡುವವನೂ ಇಲ್ಲವಲ್ಲ.

"ಹಂಗಾರ ಹೋಗಬ್ಯಾಡ ಅಂತೀರೇನ್ ಮಾಮಾ?"

"ನಿನ್ನ ಇಚ್ಛಾ. ಹೋದ್ರ ಗುಂಡು ಹಾರಿಸಿದ ಮರುದಿನಾ ಒಮ್ಮೆ ಅದ ಅಟ್ಟದಾಗ ಕುಂತು ನೋಡು. ಯಾವು ತಿರುಗಿ ಬರ್ತಾವ ನೋಡಿ ನನಗ ಹೇಳು" ಎಂದೆ.

ಈ ಹಿಂಗಾರಿಗೆ ಸುತ್ತ ಕುಸುಬಿ ಬಿತ್ತಬೇಕೆಂದು ಮಾಡಿದ್ದೇನೆ, ಕೊಯ್ಯಲು ಆಳು ಸಿಗದಿದ್ದರೆ ನಾವಿಬ್ಬರೇ ಕೊಯ್ದರಾಯಿತು. ಕುಸುಬಿಯ ಹೊರಗೆ, ಹಳ್ಳದ ದಂಡೆಗುಂಟ ಮೂರು ಸಾಲು ಕಡಲೆ ಬೇರೆ. ಅದಕ್ಕೆ ಹೆಂಡತಿ ಆಗಲೇ ಚರಗದ ಸಾಲು ಎಂದು ಹೆಸರಿಟ್ಟಿದ್ದಾಳೆ. ಮೂರು ಸಾಲಿಗೆ ಹಿಂಡಿನ ಹೊಟ್ಟೆ ತುಂಬುವುದಿಲ್ಲ, ಗೊತ್ತು. ಬಂದದ್ದು ಅಷ್ಟನ್ನು ನಿರಾತಂಕವಾಗಿ ತಿನ್ನಲಿ. ಕುಸುಬಿ ದಾಟಿ ಒಳಗೆ ಕಾಲಿಟ್ಟರೆ ಮಾತ್ರ, ಅಪ್ಪನಾಣೆ, ಎದ್ದು ಡಬ್ಬಿ ಬಡಿಯುತ್ತೇನೆ.